ಮೆಗ್ಗರ್ ತೋರಿಸೋ ನಂಬರ್‌ನ ತಕ್ಷಣ ನಂಬಬೇಡಿ: ಇನ್ಸುಲೇಷನ್ ಒಳಗೆ ಹರಿಯೋ ಮೂರು ಕರೆಂಟ್‌ಗಳ ಕಥೆ

(ಪಾಡ್‌ಕಾಸ್ಟ್‌ನ ಬರಹ ರೂಪ. ಓದೋಕೆ ಅನುಕೂಲ ಆಗಲಿ ಅಂತ ಅಲ್ಲಲ್ಲಿ ಸ್ವಲ್ಪ ತಿದ್ದಲಾಗಿದೆ.)

 

ಮೊದಲೇ ಒಂದು ಮಾತು ಹೇಳಿಬಿಡ್ತೀನಿ. ನಾನು ಓದಿದ್ದು ಬಿಕಾಂ. ನನಗೆ ಡೆಬಿಟ್, ಕ್ರೆಡಿಟ್ ಗೊತ್ತು, ಓಮ್ಸ್ ಲಾ ಪರೀಕ್ಷೆಗೆ ಮಾತ್ರ ಗೊತ್ತಿತ್ತು. ಆದರೂ ಇವತ್ತಿನ ವಿಷಯ ಕರೆಂಟ್. ಯಾಕೆ ಅಂದ್ರೆ, ಕಳೆದ ಮಳೆಗಾಲದಲ್ಲಿ ನಮ್ಮ ಚಿಕ್ಕಪ್ಪನ ಮೋಟಾರ್ ಒಂದು ಐದು ಸೆಕೆಂಡಿನಲ್ಲಿ "ಸತ್ತು ಹೋಯ್ತು", ಆಮೇಲೆ ಎರಡು ದಿನ ಬಿಟ್ಟು ಎದ್ದು ಕೂತಿತು. ಆ ಐದು ಸೆಕೆಂಡಿಗೂ ಹತ್ತು ನಿಮಿಷಕ್ಕೂ ಇರೋ ವ್ಯತ್ಯಾಸವೇ ಇವತ್ತಿನ ಎಪಿಸೋಡ್.

ಮಿಲ್ಲಿನ ಮೋಟಾರ್

ಚಿಕ್ಕಪ್ಪನದ್ದು ಮಲೆನಾಡಿನಲ್ಲಿ ಒಂದು ಸಣ್ಣ ಹಿಟ್ಟಿನ ಮಿಲ್ಲು. ಹತ್ತು ಎಚ್‌ಪಿ ಮೋಟಾರ್. ಕಲ್ಲು ರಿಪೇರಿ ಅಂತ ಜೂನ್‌ನಲ್ಲಿ ನಿಲ್ಲಿಸಿದ್ದು, ಅದೂ ಇದೂ ಆಗಿ ಆಗಸ್ಟ್‌ವರೆಗೂ ನಿಂತೇ ಇತ್ತು. ಮಲೆನಾಡಿನ ಜುಲೈ ಹೇಗಿರುತ್ತೆ ಅಂತ ಗೊತ್ತಿರೋರಿಗೆ ಗೊತ್ತು. ಬೀರುವಿನಲ್ಲಿಟ್ಟ ಚಪ್ಪಲಿಗೂ ಬೂಷ್ಟು ಬರುತ್ತೆ.

ಮತ್ತೆ ಶುರು ಮಾಡೋ ಮುಂಚೆ ಯಾವುದಕ್ಕೂ ಒಮ್ಮೆ ತೋರಿಸಿಬಿಡೋಣ ಅಂತ ಒಬ್ಬ ಮೆಕ್ಯಾನಿಕ್‌ನ ಕರೆಸಿದರು. ಅವರು ಮೆಗ್ಗರ್ ತಂದರು. ಒಂದು ತಂತಿ ವೈಂಡಿಂಗ್‌ಗೆ, ಇನ್ನೊಂದು ಮೋಟಾರ್ ಬಾಡಿಗೆ. ನಾಲ್ಕು ಸುತ್ತು ಹ್ಯಾಂಡಲ್ ತಿರುಗಿಸಿದರು. ಮುಳ್ಳು ಸೊನ್ನೆ ಹತ್ತಿರವೇ ಆಡ್ತಾ ಇತ್ತು. "ಕಾಯಿಲ್ ಹೋಗಿದೆ, ರಿವೈಂಡಿಂಗ್ ಮಾಡಿಸ್ಬೇಕು" ಅಂದರು. ಹನ್ನೆರಡು ಸಾವಿರದ ಮಾತು. ಮೇಲೆ ಒಂದು ವಾರ ಮಿಲ್ಲು ಬಂದ್.

ಚಿಕ್ಕಪ್ಪ ನನಗೆ ಫೋನ್ ಮಾಡಿ, "ಸುಮ್ನೆ ಒಂದ್ಸಲ ಸ್ವಿಚ್ ಹಾಕಿ ನೋಡ್ಲಾ?" ಅಂದರು. ಪುಣ್ಯಕ್ಕೆ ಚಿಕ್ಕಮ್ಮ ಬಿಡಲಿಲ್ಲ. ಪೇಟೆಯಲ್ಲಿ ನಲವತ್ತು ವರ್ಷದಿಂದ ಮೋಟಾರ್ ಕಟ್ಟೋ ಹಳೇ ಮೇಸ್ತ್ರಿಯೊಬ್ಬರಿದ್ದಾರೆ, ಅವರನ್ನ ಕರೆಸಿದರು. ನಾನೂ ಆ ವಾರ ಊರಿಗೆ ಹೋಗಿದ್ದೆ.

ಮೇಸ್ತ್ರಿ ಬಂದವರೇ ಮೊದಲು ಮೂಗಿನಿಂದ ಪರೀಕ್ಷೆ ಮಾಡಿದರು. ಸುಟ್ಟ ವಾಸನೆ ಇಲ್ಲ. ಮೀಟರ್ ಇಟ್ಟು ಮೂರೂ ಫೇಸ್ ಕಾಯಿಲ್‌ಗಳ ರೆಸಿಸ್ಟೆನ್ಸ್ ನೋಡಿದರು. ಮೂರೂ ಸಮ. ಆಮೇಲೆ ಬ್ಯಾಟರಿ ಮೆಗ್ಗರ್ ಹಚ್ಚಿ, ಟೆಸ್ಟ್ ಬಟನ್ ಲಾಕ್ ಮಾಡಿ, ಕುರ್ಚಿ ಎಳ್ಕೊಂಡು ಕೂತರು. ಒಂದು ನಿಮಿಷಕ್ಕೆ 0.9 ಮೆಗಾ ಓಮ್. ಬರ್ಕೊಂಡರು. ಕಾಫಿ ಕುಡಿದರು. ಹತ್ತು ನಿಮಿಷಕ್ಕೆ 1 ಮೆಗಾ ಓಮ್. ಅದನ್ನೂ ಬರ್ಕೊಂಡರು.

"ಇಷ್ಟು ಹೊತ್ತು ಯಾಕೆ ಕಾಯ್ಬೇಕು?" ಅಂತ ನಾನು ಕೇಳಿದೆ. ಅವರು ಅಂದಿದ್ದು ಇಷ್ಟೇ: "ಮಾರಾಯ, ಮೀಟರ್ ತೋರಿಸೋದು ಒಂದು ಕರೆಂಟ್ ಅಲ್ಲ. ಮೂರರ ಮೊತ್ತ. ಎರಡು ಕರೆಂಟು ಹೊತ್ತು ಕಳೆದ ಹಾಗೆ ಹೋಗ್ತವೆ, ಒಂದು ಉಳೀತದೆ. ಉಳಿಯೋದು ಎಷ್ಟು ಅಂತ ನೋಡ್ಬೇಕು."

ಮೂರರ ಮೊತ್ತ ಅಂದ ತಕ್ಷಣ ನನ್ನೊಳಗಿನ ಬಿಕಾಂ ಎದ್ದು ಕೂತ.

ಮೆಗ್ಗರ್ ಮಾಡೋದು ಏನು?

ವೈರ್ ಒಳಗೆ ತಾಮ್ರ, ಹೊರಗೆ ಪ್ಲಾಸ್ಟಿಕ್. ಮೋಟಾರ್ ಒಳಗೆ ತಾಮ್ರದ ತಂತಿ ಮೇಲೆ ಎನಾಮಲ್, ವಾರ್ನಿಶ್, ಕಾಗದದಂಥ ಹಾಳೆ. ಈ ಹೊರಗಿನ ಪದರವೇ ಇನ್ಸುಲೇಷನ್. ಅದರ ಕೆಲಸ ಒಂದೇ: ಕರೆಂಟ್ ತನ್ನ ದಾರಿ ಬಿಟ್ಟು ಬಾಡಿಗೆ, ಅಂದ್ರೆ ನಮ್ಮ ಕೈಗೆ, ಬರದ ಹಾಗೆ ತಡೆಯೋದು.

ಆದರೆ ನೂರಕ್ಕೆ ನೂರು ತಡೆಯೋ ಇನ್ಸುಲೇಷನ್ ಪ್ರಪಂಚದಲ್ಲಿ ಇಲ್ಲ. ಎಷ್ಟೇ ಒಳ್ಳೇದಿದ್ದರೂ ಚೂರೇ ಚೂರು ಕರೆಂಟ್ ಅದರೊಳಗಿಂದ ನುಸುಳುತ್ತೆ. ಎಷ್ಟು ನುಸುಳುತ್ತೆ ಅಂತ ನೋಡೋಕೆ ಒಂದು ಮೀಟರ್. ಅದರ ಹೆಸರು ಇನ್ಸುಲೇಷನ್ ಟೆಸ್ಟರ್. ನಾವೆಲ್ಲ ಮೆಗ್ಗರ್ ಅಂತೀವಿ. ಮೆಗ್ಗರ್ ಅನ್ನೋದು ನಿಜಕ್ಕೂ ಇಂಗ್ಲೆಂಡಿನಲ್ಲಿ 1903ರಲ್ಲಿ ನೋಂದಣಿಯಾದ ಒಂದು ಬ್ರ್ಯಾಂಡ್ ಹೆಸರು. ಜೆರಾಕ್ಸ್ ಅನ್ನೋ ಹೆಸರಿಗೆ ಏನಾಯ್ತೋ ಇದಕ್ಕೂ ಅದೇ ಆಯ್ತು.

ಇದು 500 ವೋಲ್ಟ್, 1000 ವೋಲ್ಟ್, ದೊಡ್ಡ ಯಂತ್ರಕ್ಕಾದರೆ 5000 ವೋಲ್ಟ್‌ವರೆಗೂ ಡಿಸಿ ಕೊಟ್ಟು, ಎಷ್ಟು ಕರೆಂಟ್ ಹರೀತು ಅಂತ ಅಳೆಯುತ್ತೆ. ವೋಲ್ಟೇಜನ್ನ ಆ ಕರೆಂಟಿನಿಂದ ಭಾಗಿಸಿ ಮೆಗಾ ಓಮ್‌ನಲ್ಲಿ ತೋರಿಸುತ್ತೆ. ಒಂದು ಮೆಗಾ ಓಮ್ ಅಂದ್ರೆ ಹತ್ತು ಲಕ್ಷ ಓಮ್. ಕರೆಂಟ್ ಜಾಸ್ತಿ ಹರಿದರೆ ನಂಬರ್ ಕಮ್ಮಿ, ಕಮ್ಮಿ ಹರಿದರೆ ನಂಬರ್ ಜಾಸ್ತಿ. ಅಷ್ಟೇ ಲೆಕ್ಕ.

ತೊಂದರೆ ಎಲ್ಲಿದೆ ಅಂದ್ರೆ, ಆ "ಹರಿದ ಕರೆಂಟ್" ಪೂರ್ತಿ ಲೀಕೇಜ್ ಅಲ್ಲ.

ಬಾಡಿಗೆ ಮನೆ ಲೆಕ್ಕ

ಬೆಂಗಳೂರಲ್ಲಿ ಬಾಡಿಗೆ ಮನೆ ಹಿಡಿದಿದ್ದೀರಾ? ಹಾಗಾದರೆ ನಿಮಗೆ ಈ ಮೂರು ಕರೆಂಟ್ ಆಗಲೇ ಗೊತ್ತು.

ಮೊದಲನೇದು ಅಡ್ವಾನ್ಸ್. ಕೀ ಕೈಗೆ ಬರೋ ದಿನ ದೊಡ್ಡ ಮೊತ್ತ ಒಂದೇ ಸಲ ಅಕೌಂಟಿನಿಂದ ಹೋಗುತ್ತೆ. ಅಲ್ಲಿಗೆ ಮುಗೀತು. ಮೆಗ್ಗರ್ ಲೆಕ್ಕದಲ್ಲಿ ಇದು ಕೆಪಾಸಿಟಿವ್ ಚಾರ್ಜಿಂಗ್ ಕರೆಂಟ್. ಮಧ್ಯೆ ಇನ್ಸುಲೇಷನ್, ಆ ಕಡೆ ತಾಮ್ರ, ಈ ಕಡೆ ಕಬ್ಬಿಣದ ಬಾಡಿ. ಇದು ತಾನಾಗೇ ಒಂದು ಕೆಪಾಸಿಟರ್. ವೋಲ್ಟೇಜ್ ಕೊಟ್ಟ ತಕ್ಷಣ ಅದು ಚಾರ್ಜ್ ಆಗೋಕೆ ಕರೆಂಟ್ ಎಳೆಯುತ್ತೆ. ತುಂಬಿದ ಮೇಲೆ ಸುಮ್ಮನಾಗುತ್ತೆ. ಸಣ್ಣ ಮೋಟಾರ್ ಆದರೆ ಕಣ್ಣು ಮಿಟುಕಿಸೋದರಲ್ಲಿ ಮುಗಿಯುತ್ತೆ. ಉದ್ದದ ಕೇಬಲ್ ಆದರೆ ಹೆಚ್ಚು ಹೊತ್ತು ಬೇಕು.

ಟೆಸ್ಟ್‌ಗೆ ಡಿಸಿ ಯಾಕೆ, ಎಸಿ ಯಾಕಲ್ಲ ಅನ್ನೋದಕ್ಕೂ ಉತ್ತರ ಇಲ್ಲೇ ಇದೆ. ಎಸಿ ಸೆಕೆಂಡಿಗೆ ನೂರು ಸಲ ದಿಕ್ಕು ಬದಲಿಸುತ್ತೆ. ಸೆಕೆಂಡಿಗೆ ನೂರು ಸಲ ಅಡ್ವಾನ್ಸ್ ಕೊಟ್ಟು ವಾಪಸ್ ತಗೊಂಡ ಹಾಗೆ. ಆ ಗಲಾಟೆಯಲ್ಲಿ ಬಾಡಿಗೆ ಎಷ್ಟು ಅಂತ ಕಾಣೋದೇ ಇಲ್ಲ. ಡಿಸಿಯಲ್ಲಿ ಒಂದು ಸಲ ಕೊಟ್ಟರೆ ಮುಗೀತು.

ಎರಡನೇದು ಕಂತು. ಕೆಲವು ಓನರ್‌ಗಳು ಒಳ್ಳೆಯವರು. "ಪೂರ್ತಿ ಅಡ್ವಾನ್ಸ್ ಈಗ್ಲೇ ಬೇಡ, ಉಳಿದಿದ್ದು ನಿಧಾನಕ್ಕೆ ಕೊಡಿ" ಅಂತಾರೆ. ಮೊದಲ ತಿಂಗಳು ಜಾಸ್ತಿ ಕೊಡ್ತೀರಿ, ಆಮೇಲೆ ಸ್ವಲ್ಪ ಕಮ್ಮಿ, ಆಮೇಲೆ ಇನ್ನೂ ಕಮ್ಮಿ. ಇದು ಅಬ್ಸಾರ್ಪ್ಷನ್ ಕರೆಂಟ್. ಇನ್ಸುಲೇಷನ್ ಒಳಗಿನ ಅಣುಗಳಲ್ಲಿ ಕೆಲವಕ್ಕೆ ಒಂದು ತುದಿ ಪ್ಲಸ್, ಒಂದು ತುದಿ ಮೈನಸ್ ಇರುತ್ತೆ. ವೋಲ್ಟೇಜ್ ಕೊಟ್ಟಾಗ ಅವು ನಿಧಾನಕ್ಕೆ ಒಂದೇ ದಿಕ್ಕಿಗೆ ತಿರುಗಿ ನಿಲ್ತವೆ, ಶಾಲೆ ಪ್ರಾರ್ಥನೆಗೆ ಮಕ್ಕಳು ಸಾಲು ನಿಂತ ಹಾಗೆ. ಪದರ ಪದರವಾಗಿರೋ ಇನ್ಸುಲೇಷನ್‌ನಲ್ಲಿ ಚಾರ್ಜ್ ನಿಧಾನಕ್ಕೆ ಸರಿದು ಪದರಗಳ ಗಡಿಯಲ್ಲಿ ಕೂರುತ್ತೆ. ಈ ಕೆಲಸಕ್ಕೆ ನಿಮಿಷಗಳು ಬೇಕು. ದೊಡ್ಡ ಜನರೇಟರ್, ದೊಡ್ಡ ಮೋಟಾರ್ ಆದರೆ ಹತ್ತು ನಿಮಿಷ ದಾಟಿದರೂ ಇಳೀತಾನೇ ಇರುತ್ತೆ.

ಮೂರನೇದು ಬಾಡಿಗೆ. ಪ್ರತಿ ತಿಂಗಳು, ಅಷ್ಟೇ ಮೊತ್ತ. ವಾಪಸ್ ಬರಲ್ಲ. ಇದೇ ಲೀಕೇಜ್ ಕರೆಂಟ್, ಕಂಡಕ್ಷನ್ ಕರೆಂಟ್ ಅಂತಲೂ ಹೇಳ್ತಾರೆ. ಇನ್ಸುಲೇಷನ್ ಚೆನ್ನಾಗಿದ್ದರೆ ಇದು ಚಿಕ್ಕದು, ಹೊತ್ತು ಕಳೆದರೂ ಅಷ್ಟೇ ಇರುತ್ತೆ. ಟೆಸ್ಟ್ ನಡೀತಿರೋವಾಗಲೇ ಇದು ಏರ್ತಾ ಹೋದರೆ ಒಳಗೆ ಏನೋ ಕೆಡ್ತಾ ಇದೆ ಅಂತ ಅರ್ಥ.

ಈಗ ಮೊದಲ ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ಮಾತ್ರ ನಿಮ್ಮ ಅಪ್ಪನಿಗೆ ತೋರಿಸಿ. "ಅಯ್ಯೋ, ಇಷ್ಟೊಂದು ಬಾಡಿಗೆನಾ!" ಅಂತ ಗಾಬರಿ ಬೀಳ್ತಾರೆ. ಹತ್ತನೇ ತಿಂಗಳ ಸ್ಟೇಟ್‌ಮೆಂಟ್ ತೋರಿಸಿದರೆ ಮಾತ್ರ ನಿಜವಾದ ಬಾಡಿಗೆ ಗೊತ್ತಾಗೋದು. ಐದು ಸೆಕೆಂಡ್ ಮೆಗ್ಗರ್ ತಿರುಗಿಸಿ ತೀರ್ಪು ಕೊಡೋದು ಮೊದಲ ತಿಂಗಳ ಸ್ಟೇಟ್‌ಮೆಂಟ್ ನೋಡಿ ಮನೆ ಖಾಲಿ ಮಾಡಿದ ಹಾಗೆ.

ಒಂದು ಉದಾಹರಣೆ ಹಾಕೋಣ

ಎರಡು ಮೋಟಾರ್ ಅಂದ್ಕೊಳ್ಳಿ. ಎರಡಕ್ಕೂ 1000 ವೋಲ್ಟ್. ಒಂದು ನಿಮಿಷದ ಹೊತ್ತಿಗೆ ಅಡ್ವಾನ್ಸ್ ಮುಗಿದಿದೆ. ಕಂತು ಎರಡರಲ್ಲೂ ಒಂದೇ ಅಂತ ಇಟ್ಕೊಳ್ಳೋಣ: ಒಂದು ನಿಮಿಷಕ್ಕೆ 7 ಮೈಕ್ರೋ ಆಂಪ್, ಹತ್ತು ನಿಮಿಷಕ್ಕೆ 1 ಮೈಕ್ರೋ ಆಂಪ್. ವ್ಯತ್ಯಾಸ ಇರೋದು ಬಾಡಿಗೆಯಲ್ಲಿ ಮಾತ್ರ.

ಒಣಗಿದ ಮೋಟಾರ್‌ನ ಲೀಕೇಜ್ 3 ಮೈಕ್ರೋ ಆಂಪ್. ಒಂದು ನಿಮಿಷಕ್ಕೆ ಒಟ್ಟು 10, ಅಂದ್ರೆ 100 ಮೆಗಾ ಓಮ್. ಹತ್ತು ನಿಮಿಷಕ್ಕೆ ಒಟ್ಟು 4, ಅಂದ್ರೆ 250 ಮೆಗಾ ಓಮ್. ನಂಬರ್ ಎರಡೂವರೆ ಪಟ್ಟು ಏರಿತು.

ಒದ್ದೆ ಮೋಟಾರ್‌ನ ಲೀಕೇಜ್ 93 ಮೈಕ್ರೋ ಆಂಪ್. ಒಂದು ನಿಮಿಷಕ್ಕೆ ಒಟ್ಟು 100, ಅಂದ್ರೆ 10 ಮೆಗಾ ಓಮ್. ಹತ್ತು ನಿಮಿಷಕ್ಕೆ ಒಟ್ಟು 94, ಅಂದ್ರೆ 10.6 ಮೆಗಾ ಓಮ್. ನಂಬರ್ ಹೆಚ್ಚುಕಮ್ಮಿ ಅಲ್ಲೇ ನಿಂತಿದೆ.

ನೋಡಿದ್ರಾ? ಬಾಡಿಗೆಯೇ ವಿಪರೀತ ಜಾಸ್ತಿ ಇದ್ದಾಗ ಕಂತು ಇಳಿದಿದ್ದು ಕಾಣೋದೇ ಇಲ್ಲ. ಹತ್ತು ನಿಮಿಷದ ನಂಬರನ್ನ ಒಂದು ನಿಮಿಷದ ನಂಬರಿಂದ ಭಾಗಿಸಿದರೆ ಬರೋದಕ್ಕೆ ಪೋಲರೈಸೇಷನ್ ಇಂಡೆಕ್ಸ್ ಅಂತಾರೆ, ಚಿಕ್ಕದಾಗಿ ಪಿಐ. ಮೊದಲನೇ ಮೋಟಾರ್‌ಗೆ 2.5, ಎರಡನೇದಕ್ಕೆ 1.06. ತಿರುಗುವ ಯಂತ್ರಗಳಿಗಾಗಿ ಇರೋ ಐಇಇಇ 43 ಅನ್ನೋ ಮಾರ್ಗಸೂಚಿ, ಈಗಿನ ಬಹುತೇಕ ಇನ್ಸುಲೇಷನ್‌ಗಳಿಗೆ ಪಿಐ ಕನಿಷ್ಠ 2 ಇರಬೇಕು ಅನ್ನುತ್ತೆ. 1ರ ಆಸುಪಾಸಿನಲ್ಲಿದ್ದರೆ ಒದ್ದೆ, ಕೊಳೆ, ಇಲ್ಲಾ ಇನ್ಸುಲೇಷನ್ ಕೆಟ್ಟಿದೆ. ಈ ಮೂರರಲ್ಲಿ ಯಾವುದು ಅಂತ ಪಿಐ ಒಂದೇ ಹೇಳಲ್ಲ.

ಸಣ್ಣ ಮೋಟಾರ್‌ಗಳಲ್ಲಿ ಕಂತು ಬೇಗ ಮುಗಿಯುತ್ತೆ. ಹಾಗಾಗಿ ಅಲ್ಲಿ ಬಹಳ ಜನ 60ನೇ ಸೆಕೆಂಡಿನ ಓದನ್ನ 30ನೇ ಸೆಕೆಂಡಿನದರಿಂದ ಭಾಗಿಸಿ ನೋಡ್ತಾರೆ. ಇನ್ನೊಂದು ಕಡೆ, ಒಂದೇ ನಿಮಿಷಕ್ಕೆ 5000 ಮೆಗಾ ಓಮ್ ದಾಟಿಬಿಟ್ಟರೆ ಪಿಐ ನೋಡೋದರಲ್ಲಿ ಅರ್ಥ ಇಲ್ಲ. ಅಷ್ಟು ಚಿಕ್ಕ ಕರೆಂಟ್‌ನಲ್ಲಿ ಅನುಪಾತ ನಂಬೋಕೆ ಆಗಲ್ಲ.

ನಾಲ್ಕನೆಯವನು ಒಬ್ಬ ಇದ್ದಾನೆ

ಮೂರು ಅಂದೆ, ಆದರೆ ಬಾಡಿಗೆಯಲ್ಲಿ ಎರಡು ದಾರಿ ಇದೆ. ಇನ್ಸುಲೇಷನ್ ಒಳಗಿಂದ ಹೋಗೋದು ಒಂದು, ಅದರ ಮೈಮೇಲೆ ಹರಿದು ಹೋಗೋದು ಇನ್ನೊಂದು. ಎರಡನೇದೇ ಸರ್ಫೇಸ್ ಲೀಕೇಜ್. ಧೂಳು, ಎಣ್ಣೆ ಜಿಡ್ಡು, ಮಿಲ್ಲಿನ ಹಿಟ್ಟು, ಅದರ ಮೇಲೆ ಒಂಚೂರು ತೇವ. ಅಷ್ಟು ಸಾಕು, ದಾರಿ ಆಯ್ತು.

ಬೇಸಿಗೆ ಮುಗಿದು ಮೊದಲ ಮಳೆ ಹನಿ ಬಿದ್ದ ಕೂಡಲೇ ಎಷ್ಟೋ ಸಲ ಕರೆಂಟ್ ಹೋಗುತ್ತಲ್ಲ, ಅದಕ್ಕೆ ಒಂದು ಕಾರಣ ಇದೇ. ಕಂಬದ ಮೇಲಿನ ಪಿಂಗಾಣಿ ಇನ್ಸುಲೇಟರ್ ಮೇಲೆ ತಿಂಗಳುಗಟ್ಟಲೆ ಕೂತ ಧೂಳು ತುಂತುರಿಗೆ ಒದ್ದೆಯಾಗಿ ಕರೆಂಟ್‌ಗೆ ದಾರಿ ಬಿಡುತ್ತೆ. ಪಿಂಗಾಣಿ ಒಳಗೆ ಗಟ್ಟಿಯೇ ಇರುತ್ತೆ, ತಪ್ಪು ಮೈಮೇಲಿನ ಕೊಳೆಯದು. ಜೋರು ಮಳೆ ಬಂದು ತೊಳೆದುಬಿಟ್ಟರೆ ಸರಿಹೋಗೋದೂ ಉಂಟು.

ಇದನ್ನ ಲೆಕ್ಕದಿಂದ ಹೊರಗಿಡೋಕೆ ಮೆಗ್ಗರ್‌ನಲ್ಲಿ ಮೂರನೇ ಟರ್ಮಿನಲ್ ಇರುತ್ತೆ, ಗಾರ್ಡ್ ಅಂತ. ಎಲ್ಲಾ ಮೀಟರ್‌ನಲ್ಲಿ ಇರಲ್ಲ, ದೊಡ್ಡದರಲ್ಲಿ ಇರುತ್ತೆ. ಕೇಬಲ್ ತುದಿಯ ಇನ್ಸುಲೇಷನ್ ಸುತ್ತ ಒಂದು ಬರಿ ತಂತಿ ಸುತ್ತಿ ಗಾರ್ಡ್‌ಗೆ ಕೊಟ್ಟರೆ, ಮೈಮೇಲೆ ಹರಿಯೋ ಕರೆಂಟ್ ಅಳತೆಯ ದಾರಿ ಬಿಟ್ಟು ಪಕ್ಕದಿಂದ ಹೋಗುತ್ತೆ. ಮೇಂಟೆನೆನ್ಸ್ ಚಾರ್ಜನ್ನ ಬೇರೆ ಅಕೌಂಟಿಂದ ಕಟ್ಟಿದ ಹಾಗೆ. ಆಗ ಉಳಿಯೋದು ಮನೆಯ ನಿಜವಾದ ಬಾಡಿಗೆ.

ಅಡ್ವಾನ್ಸ್ ವಾಪಸ್ ಬರುತ್ತೆ, ಹುಷಾರು

ಈ ಭಾಗ ದಯವಿಟ್ಟು ಸ್ಕಿಪ್ ಮಾಡಬೇಡಿ. ಮನೆ ಬಿಡೋವಾಗ ಬಾಡಿಗೆ ವಾಪಸ್ ಬರಲ್ಲ, ಆದರೆ ಅಡ್ವಾನ್ಸ್, ಕಂತು ಎರಡೂ ಬರಬೇಕು ತಾನೇ? ಇಲ್ಲೂ ಹಾಗೇ. ಟೆಸ್ಟ್ ನಿಲ್ಲಿಸಿದ ಮೇಲೆ ಕೆಪಾಸಿಟರ್‌ನಲ್ಲಿ ತುಂಬಿದ ಚಾರ್ಜ್ ಅಲ್ಲೇ ಕೂತಿರುತ್ತೆ. ಯಾರಾದರೂ ಕೈ ಇಟ್ಟರೆ ಅವರ ಮೂಲಕ ವಾಪಸ್ ಬರುತ್ತೆ.

ಸಣ್ಣ ಮೋಟಾರ್‌ನಲ್ಲಿ ಅದು ಒಂದು ಜುಮ್ ಅನ್ನೋ ಹೊಡೆತ. ಉದ್ದದ ಕೇಬಲ್ ಆದರೆ ಕಥೆ ಬೇರೆ. 0.25 ಮೈಕ್ರೋ ಫ್ಯಾರಡ್ ಕೆಪಾಸಿಟೆನ್ಸ್ ಇರೋ ಕೇಬಲ್‌ಗೆ 5000 ವೋಲ್ಟ್ ಕೊಟ್ಟರೆ ಸುಮಾರು 3 ಜೌಲ್ ಶಕ್ತಿ ಅದರಲ್ಲಿ ಕೂತಿರುತ್ತೆ. ಏಣಿ ಮೇಲೆ ನಿಂತವರನ್ನ ಕೆಳಗೆ ಬೀಳಿಸೋಕೆ ಅದು ಧಾರಾಳ ಸಾಕು.

ಇದರಲ್ಲಿ ಇನ್ನೊಂದು ಮೋಸ ಇದೆ. ಒಂದು ಕ್ಷಣ ಅರ್ತ್‌ಗೆ ಮುಟ್ಟಿಸಿ ತೆಗೆದರೆ ಅಡ್ವಾನ್ಸ್ ಮಾತ್ರ ವಾಪಸ್ ಬಂದಿರುತ್ತೆ. ಕಂತಿನಲ್ಲಿ ಹೋಗಿದ್ದು ಕಂತಿನಲ್ಲೇ ಬರೋದು. ಸಾಲಲ್ಲಿ ನಿಂತ ಅಣುಗಳು ನಿಧಾನಕ್ಕೆ ಚದುರ್ತಾ ಇದ್ದ ಹಾಗೆ ವೋಲ್ಟೇಜ್ ಮತ್ತೆ ಏರುತ್ತೆ. ಅದಕ್ಕೇ ದೊಡ್ಡ ಯಂತ್ರಗಳಲ್ಲಿ ಟೆಸ್ಟ್ ಎಷ್ಟು ಹೊತ್ತು ನಡೀತೋ ಅದರ ಕನಿಷ್ಠ ನಾಲ್ಕು ಪಟ್ಟು ಹೊತ್ತು ಅರ್ತ್ ಮಾಡಿಡಬೇಕು. ಹತ್ತು ನಿಮಿಷ ಟೆಸ್ಟ್, ನಲವತ್ತು ನಿಮಿಷ ಅರ್ತ್.

ಮೋಟಾರ್ ಕಥೆಗೆ ವಾಪಸ್

ನಮ್ಮ ಮೋಟಾರ್‌ನದ್ದು 0.9 ಮತ್ತು 1. ಅನುಪಾತ 1.1. ಕಾಯಿಲ್ ಸಮ ಇದೆ, ಸುಟ್ಟ ವಾಸನೆ ಇಲ್ಲ, ಎರಡು ತಿಂಗಳು ಮಳೆಯಲ್ಲಿ ನಿಂತಿದೆ. "ಸತ್ತಿಲ್ಲ, ಥಂಡಿ ಹಿಡಿದಿದೆ. ಮೊದಲು ಒಣಗಿಸುವ, ಆಮೇಲೆ ನೋಡುವ" ಅಂದರು ಮೇಸ್ತ್ರಿ.

ಮೋಟಾರ್ ಬಿಚ್ಚಿ, ಹಿಟ್ಟಿನ ಧೂಳು ತೆಗೆದು, ರೋಟರ್ ಹೊರಗಿಟ್ಟು, ಒಳಗೆ ಎರಡು 100 ವ್ಯಾಟ್‌ನ ಹಳೇ ಕಾಲದ ಬಲ್ಬ್ ಹೊತ್ತಿಸಿಟ್ಟರು. ಬಲ್ಬ್ ವೈಂಡಿಂಗ್‌ಗೆ ತಾಗದ ಹಾಗೆ, ಮೇಲೆ ತಗಡು ಮುಚ್ಚಿ, ತೇವ ಹೊರಗೆ ಹೋಗೋಕೆ ಸ್ವಲ್ಪ ಸಂದು ಬಿಟ್ಟು.

ಸಂಜೆ ನೋಡಿದರೆ 0.6! ಇನ್ನೂ ಕೆಳಗೆ ಹೋಗಿದೆ. ಚಿಕ್ಕಪ್ಪನ ಮುಖ ನೋಡೋಕಾಗಲಿಲ್ಲ. "ಆಯ್ತು ಬಿಡಿ, ರಿವೈಂಡಿಂಗ್‌ಗೇ ಕೊಡೋಣ" ಅಂದುಬಿಟ್ಟರು. ಮೇಸ್ತ್ರಿ ಅಲುಗಾಡಲಿಲ್ಲ. ಬಿಸಿಯಾದರೆ ಇನ್ಸುಲೇಷನ್ ರೆಸಿಸ್ಟೆನ್ಸ್ ಇಳಿಯೋದು ಸಹಜ. ಅಂದಾಜಿಗೆ ಹೇಳೋದಾದರೆ ಪ್ರತಿ 10 ಡಿಗ್ರಿ ಏರಿದರೆ ಅರ್ಧ ಆಗುತ್ತೆ. ಮೊದಲು ಬಿಸಿಗೆ ಇಳಿಯುತ್ತೆ, ತೇವ ಹೋಗ್ತಾ ಹೋಗ್ತಾ ಏರುತ್ತೆ. ಏಪ್ರಿಲ್‌ನ ನಂಬರನ್ನೂ ಆಗಸ್ಟ್‌ನ ನಂಬರನ್ನೂ ಹಾಗೇ ಪಕ್ಕಪಕ್ಕ ಇಟ್ಟು ಹೋಲಿಸಬಾರದು ಅನ್ನೋದೂ ಇದಕ್ಕೇ.

ಮಾರನೇ ದಿನ ಮಧ್ಯಾಹ್ನದಿಂದ ಏರೋಕೆ ಶುರು. ಮೂರನೇ ದಿನ ಬೆಳಿಗ್ಗೆ, ತಣ್ಣಗಾದ ಮೇಲೆ: ಒಂದು ನಿಮಿಷಕ್ಕೆ 48, ಹತ್ತು ನಿಮಿಷಕ್ಕೆ 110. ಭಾಗಿಸಿದರೆ ಸುಮಾರು 2.3. ಅರ್ತ್ ಮಾಡಿ, ಜೋಡಿಸಿ, ಸಂಜೆ ಹೊತ್ತಿಗೆ ಮಿಲ್ಲು ಓಡ್ತಿತ್ತು.

ಮೊದಲು ಬಂದ ಮೆಕ್ಯಾನಿಕ್ ಮೋಸ ಮಾಡಿದರು ಅಂತ ನಾನು ಹೇಳ್ತಿಲ್ಲ. ಅವರು ನೋಡಿದ ನಂಬರ್ ನಿಜವೇ. ಆ ಸ್ಥಿತಿಯಲ್ಲಿ ಮೋಟಾರ್ ಓಡಿಸಬಾರದು ಅನ್ನೋದೂ ನಿಜವೇ. ಚಿಕ್ಕಪ್ಪ ಅಂದ ಹಾಗೆ ಸುಮ್ನೆ ಸ್ವಿಚ್ ಹಾಕಿದ್ದರೆ ಕಾಯಿಲ್ ನಿಜವಾಗಲೂ ಸುಡ್ತಿತ್ತೋ ಏನೋ, ಅರ್ತಿಂಗ್ ಸರಿ ಇಲ್ಲದಿದ್ದರೆ ಬಾಡಿ ಮುಟ್ಟಿದವರಿಗೆ ಶಾಕ್. ತಪ್ಪಾಗಿದ್ದು ಒಂದೇ ಕಡೆ: ಮೊತ್ತ ನೋಡಿದರು, ಅದರೊಳಗೆ ಏನೇನಿದೆ ಅಂತ ನೋಡಲಿಲ್ಲ.

ನಿಮಗೆ ಇದರಿಂದ ಏನು?

ನಿಮ್ಮನೇಲಿ ಮಿಲ್ಲು ಇಲ್ಲದಿರಬಹುದು. ಬೋರ್‌ವೆಲ್ ಪಂಪ್ ಇರುತ್ತೆ, ಅಪಾರ್ಟ್‌ಮೆಂಟ್‌ನಲ್ಲಿ ಸಂಪ್ ಮೋಟಾರ್, ಲಿಫ್ಟ್ ಇರುತ್ತೆ, ಹಳೇ ಮನೆಯ ವೈರಿಂಗ್ ಇರುತ್ತೆ. ಇನ್ಸುಲೇಷನ್ ಟೆಸ್ಟ್ ಮಾಡಿಸೋವಾಗ ಇಷ್ಟು ನೆನಪಿಟ್ಕೊಳ್ಳಿ.

ಒಂದು, ಕನಿಷ್ಠ ಒಂದು ನಿಮಿಷ ಕಾಯೋಕೆ ಹೇಳಿ. ಇದು ನನ್ನ ಹಠ ಅಲ್ಲ. ಕೇಂದ್ರ ವಿದ್ಯುತ್ ಪ್ರಾಧಿಕಾರದ 2010ರ ಸುರಕ್ಷತಾ ನಿಯಮಗಳಲ್ಲೇ, ಮನೆಯಂಥ ಕಡೆ 500 ವೋಲ್ಟ್ ಡಿಸಿಯನ್ನ ಒಂದು ನಿಮಿಷ ಕೊಟ್ಟಾಗ ಕನಿಷ್ಠ 1 ಮೆಗಾ ಓಮ್ ಬರಬೇಕು ಅಂತಿತ್ತು.

ಎರಡು, ಮೆಗ್ಗರ್ ಹಚ್ಚೋ ಮುಂಚೆ ಮೇನ್ ಆಫ್ ಆಗಿರಬೇಕು, ಟಿವಿ, ಇನ್ವರ್ಟರ್, ಎಲ್‌ಇಡಿ ಲೈಟ್ ಎಲ್ಲಾ ಬಿಡಿಸಿರಬೇಕು. 500 ವೋಲ್ಟ್ ಡಿಸಿ ಅವುಗಳ ಒಳಗಿನ ಎಲೆಕ್ಟ್ರಾನಿಕ್ಸ್‌ಗೆ ಆಗಿಬರಲ್ಲ. ಇದು ಗೊತ್ತಿರೋರು ಮಾಡೋ ಕೆಲಸ, ಯೂಟ್ಯೂಬ್ ನೋಡ್ಕೊಂಡು ನೀವೇ ಇಳೀಬೇಡಿ.

ಮೂರು, ನಂಬರ್ ಬರೆದಿಡಿ. ದಿನಾಂಕ, ಎಷ್ಟು ವೋಲ್ಟ್, ಎಷ್ಟು ಹೊತ್ತು, ಬಿಸಿಲೋ ಮಳೆಯೋ. ಫೋನಿನ ನೋಟ್ಸ್‌ನಲ್ಲೇ ಸಾಕು. ಹೋದ ವರ್ಷ 200, ಈ ವರ್ಷ 20 ಅಂದ್ರೆ ಎರಡೂ "ಪಾಸ್", ಆದರೆ ಆ ಇಳಿಕೆ ಏನೋ ಹೇಳ್ತಿದೆ. ಒಂದೇ ವರ್ಷದ ಬ್ಯಾಲೆನ್ಸ್ ಶೀಟ್ ನೋಡಿ ಕಂಪನಿ ಹೇಗಿದೆ ಅಂತ ಹೇಳಬಾರದು ಅಂತ ನಮ್ಮ ಅಕೌಂಟೆನ್ಸಿ ಮೇಷ್ಟ್ರು ಹೇಳ್ತಿದ್ದರು. ಮೋಟಾರ್‌ಗೂ ಅದೇ ಮಾತು.

ನಾಲ್ಕು, ಯಾರಾದರೂ "ಹೋಗಿದೆ, ಬದಲಾಯಿಸಿ" ಅಂದರೆ ಜಗಳ ಬೇಡ. ಒಂದೇ ಪ್ರಶ್ನೆ ಕೇಳಿ: "ಒಂದು ನಿಮಿಷಕ್ಕೆ ಎಷ್ಟು ಬಂತು, ಹತ್ತು ನಿಮಿಷಕ್ಕೆ ಎಷ್ಟು ಬಂತು?" ಉತ್ತರ ಇದ್ದರೆ ಅವರ ಮಾತು ಕೇಳಿ. ಇಲ್ಲದಿದ್ದರೆ ಕುರ್ಚಿ ಕೊಡಿ, ಕಾಫಿ ಕೊಡಿ, ಹತ್ತು ನಿಮಿಷ ಕೂರಿಸಿ.

ಚಿಕ್ಕಪ್ಪ ಈಗ ಮಿಲ್ಲಿನ ಗೋಡೆಗೆ, ಕ್ಯಾಲೆಂಡರ್ ಪಕ್ಕ, ಒಂದು ರಟ್ಟು ನೇತು ಹಾಕಿದ್ದಾರೆ. ಅದರಲ್ಲಿ ಎರಡೇ ಸಾಲು: 0.9, 1. ಕೆಳಗೆ 48, 110. ಮುಂದಿನ ಸಾಲು ಈ ಸಲದ ಮಳೆಗಾಲ ಮುಗಿದ ಮೇಲೆ.

ಇವತ್ತಿಗೆ ಇಷ್ಟು. ನಿಮ್ಮನೇಲೂ ಇಂಥ ಮೋಟಾರ್ ಕಥೆ ಇದ್ದರೆ ವಾಯ್ಸ್ ನೋಟ್ ಕಳಿಸಿ. ಮುಂದಿನ ಎಪಿಸೋಡ್‌ನಲ್ಲಿ ಸಿಗೋಣ.